ಎರಡನೆಯ ಸಲ ಕೇಳದ ದೊರೆಸಾನಿ

ಕೆಲವರಿಗೆ ಕುಡಿತದ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದನ್ನು ಹೇಳಿದರೆ ನೀವು ನಗುತ್ತೀರಿ. ಯಾರು ಏನನ್ನು ಕೊಡಲು ಬಂದರೂ ನನ್ನ ಬಾಯಿಂದ ಮೊದಲು ಹೊರಡುವ ಮಾತು ‘ಬ್ಯಾಡಿ’. ಹೊಟ್ಟೆ ಚುರುಗುಟ್ಟುತ್ತಿರಲಿ, ಗಂಟಲು ಒಣಗಿರಲಿ, ಬಡಿಸುವ ಕೈ ಹತ್ತಿರ ಬಂದೊಡನೆ ನನ್ನ ಅಂಗೈ ತಾನಾಗಿ ಎಲೆಯ ಮೇಲೆ ಅಡ್ಡ ಬೀಳುತ್ತದೆ. ಇದೊಂದು ಚಟವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಇದನ್ನು ಮರ್ಯಾದೆ ಎಂದುಕೊಂಡಿದ್ದೆ. ನಮ್ಮ ಮಧುಗಿರಿ ಕಡೆ ಮೊದಲ ಸಲ ಕೇಳಿದಾಗಲೇ ‘ಹೂಂ, ಹಾಕಿ’ ಎನ್ನುವವನನ್ನು ಬರಗಾಲದಿಂದ ಎದ್ದು ಬಂದವನಂತೆ ನೋಡುತ್ತಾರೆ. ಒಂದು ಸಲ ಬೇಡವೆನ್ನಬೇಕು, ಅವರು ಬಲವಂತ ಮಾಡಬೇಕು. ಇನ್ನೊಂದು ಸಲ ಬೇಡವೆನ್ನಬೇಕು, ಅವರು ‘ಯಾಕೆ, ನಮ್ಮನೇದು ಸೇರಾಕಿಲ್ವಾ?’ ಎಂದು ಮುನಿಸಿಕೊಳ್ಳಬೇಕು. ಆಗ ಕೈಯನ್ನು ಎಲೆಯಿಂದ ಅರ್ಧ ಸರಿಸಿ, ‘ಒಂಚೂರು ಹಾಕಿ’ ಎಂದು ಮುಖವನ್ನು ಆಚೆ ತಿರುಗಿಸಬೇಕು. ನಮ್ಮಪ್ಪ ಒಮ್ಮೆ ಕೊರಟಗೆರೆ ಕಡೆ ಮದುವೆಯೂಟಕ್ಕೆ ಹೋಗಿ ಪಾಯಸಕ್ಕೆ ಬೇಡವೆಂದರಂತೆ. ಬಡಿಸುವವನು ಅವಸರದವನು, ಮುಂದಿನ ಎಲೆಗೆ ಹೋಗಿಬಿಟ್ಟ. ಅಪ್ಪ ಬರಿಯ ಅನ್ನವನ್ನು ಕಲಸುತ್ತಾ, ಪಂಕ್ತಿಯೆಲ್ಲ ಎದ್ದು ಕೈ ತೊಳೆದರೂ ಏಳದೆ ಕೂತಿದ್ದರಂತೆ. ಆ ಮನೆಯವರ ಮೇಲಿನ ಸಿಟ್ಟು ಅವರು ಸಾಯುವವರೆಗೂ ಇಳಿಯಲಿಲ್ಲ. ‘ಎರಡನೇ ಸಲ ಕೇಳ್ದಿರೋ ಮನೆ’ ಎಂದೇ ಅದಕ್ಕೆ ಹೆಸರಿಟ್ಟಿದ್ದರು. ಅಂಥ ಅಪ್ಪನ ಮಗ ನಾನು.

ನಾನು ಹೆಚ್ಚು ಓದಿದವನಲ್ಲ. ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಕಾಗುಣಿತ ಮುಗಿಯುವ ಮುಂಚೆಯೇ ಅಯ್ಯನವರ ಛಡಿಗೆ ಹೆದರಿ ಎಮ್ಮೆ ಕಾಯಲು ಹೋದವನು. ದೊಡ್ಡವನಾದ ಮೇಲೆ ಬೆಟ್ಟದ ಬುಡದ ಬಂಗಲೆಯಲ್ಲಿ ಪಾದ್ರಿ ದೊರೆಯ ಕಮಾನುಗಾಡಿ ಹೊಡೆಯುವ ಕೆಲಸ ಸಿಕ್ಕಿತು. ಈಗ ಇಷ್ಟಾದರೂ ಬರೆಯಲು ಬರುತ್ತಿರುವುದು ಆ ದೊರೆ ಜಗಲಿಯ ಮೇಲೆ ಕೂರಿಸಿಕೊಂಡು ಮತ್ತೆ ತಿದ್ದಿಸಿದ್ದರಿಂದ. ಕನ್ನಡದವನಿಗೆ ಇಂಗ್ಲೆಂಡಿನವರು ಒತ್ತಕ್ಷರ ಹೇಳಿಕೊಟ್ಟರೆಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಅವರಾದರೋ ಮುನ್ಷಿಯೊಬ್ಬರಿಂದ ಕನ್ನಡ ಕಲಿತವರು. ದೊರೆ ಎತ್ತಿಗೆ ಹುಲ್ಲು ಹಾಕಿದೆಯಾ ಎಂದು ಕೇಳುವುದೂ ತಾಳೆಗರಿ ಓದಿದ ಹಾಗೆ ಇರುತ್ತಿತ್ತು: ‘ಚಿಕ್ಕಣ್ಣನೇ, ವೃಷಭಗಳು ಭೋಜನವನ್ನು ಮಾಡಿದವೋ?’ ಮಾಡಿದವು ದೊರೆ ಎನ್ನುತ್ತಿದ್ದೆ. ಎತ್ತುಗಳಿಗೂ ಅದರಿಂದ ಸ್ವಲ್ಪ ಜಂಬ ಬಂದಂತಿತ್ತು.

ಆ ಗಂಡಹೆಂಡಿರ ಬದುಕು ಊರಿಗೆಲ್ಲ ದೊಡ್ಡ ಸೋಜಿಗ. ದೊರೆ ಸಂಜೆಯಾದರೆ ಕೋಲು ಹಿಡಿದು ಹೊರಡುವರು, ಬೆಟ್ಟದ ಬಂಡೆಯನ್ನು ಕೈಯಿಂದ ಮುಟ್ಟಿ ತಿರುಗಿ ಬರುವರು. ದಾರಿಯಲ್ಲಿ ಸಿಕ್ಕವರು ‘ಎಲ್ಲಿಗೆ ದೊರೆ?’ ಎಂದರೆ ‘ಎಲ್ಲಿಗೂ ಇಲ್ಲ’ ಎನ್ನುವರು. ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ನಮ್ಮವರು ಅದುವರೆಗೆ ಕಂಡಿರಲಿಲ್ಲ. ಬೆಟ್ಟದ ಕೋಟೆಯನ್ನು ಅಳೆಯುತ್ತಿದ್ದಾರೆ ಎಂದು ಕೆಲವರು, ಏನೋ ಕಳೆದುಕೊಂಡಿದ್ದಾರೆ ಪಾಪ ಎಂದು ಕೆಲವರು. ಮನೆಯೊಳಗೆ ಇನ್ನೂ ವಿಚಿತ್ರ. ಹೆಂಡತಿ ಉಪ್ಪಿನ ಬಟ್ಟಲು ಸರಿಸಿದರೆ ಗಂಡ ಅವಳಿಗೆ ಉಪಕಾರವಾಯಿತು ಎನ್ನುತ್ತಾನೆ! ನನಗೆ ಅದು ಬಹಳ ಹಿಡಿಸಿ, ಒಂದು ದಿನ ನನ್ನ ಹೆಂಡತಿ ಮುದ್ದೆ ಇಟ್ಟಾಗ ‘ಉಪಕಾರ ಆಯ್ತು ಕಣೇ’ ಎಂದೆ. ಅವಳು ತಟ್ಟೆಯನ್ನು ಹಾಗೇ ಹಿಡಿದುಕೊಂಡು, ‘ಏನ್ ತಪ್ಪು ಮಾಡ್ಬುಟ್ಟು ಬಂದ್ರಿ? ಮೊದ್ಲು ಅದ್ನ ಬೊಗಳಿ’ ಎಂದಳು. ಅಲ್ಲಿಗೆ ಆ ಪಾಠ ಮುಗಿಯಿತು.

ಅವರಿಗೆ ಒಬ್ಬಳೇ ಮಗಳು. ಓದಿಗೆಂದು ಏಳು ವರ್ಷಕ್ಕೇ ಇಂಗ್ಲೆಂಡಿನಲ್ಲಿ ಬಿಟ್ಟು ಬಂದಿದ್ದರು. ಆ ಮಗುವಿನ ಹುಟ್ಟುಹಬ್ಬದ ದಿನ ದೊರೆಸಾನಿ ತಾವೇ ಒಲೆಯ ಮುಂದೆ ನಿಂತು ಕೇಕು ಮಾಡುವರು. ತಿನ್ನಲು ಮಗಳಿಲ್ಲವಲ್ಲ, ಬಂಗಲೆಯವರಿಗೆಲ್ಲ ಹಂಚುವರು. ಮೊದಲನೆಯ ವರ್ಷ ನನ್ನ ಮುಂದೆಯೂ ತಟ್ಟೆ ಹಿಡಿದು, ‘ಚಿಕ್ಕಣ್ಣನೇ, ಇದನ್ನು ಸ್ವೀಕರಿಸುವೆಯೋ?’ ಎಂದರು. ಬೆಣ್ಣೆಯ ವಾಸನೆಗೆ ನನ್ನ ಬಾಯಿ ಒದ್ದೆಯಾಗಿತ್ತು. ‘ಬ್ಯಾಡಿ ದೊರೆಸಾನಮ್ಮ’ ಎಂದೆ. ಅವರು ‘ಸರಿ’ ಎಂದು ತಟ್ಟೆಯನ್ನು ಮುಂದಕ್ಕೆ ಒಯ್ದೇಬಿಟ್ಟರು! ಬಂಗಲೆಯಲ್ಲೇ ಕೆಲಸಕ್ಕಿದ್ದ ನನ್ನ ತಂಗಿ ಗಂಗಮ್ಮ ಎರಡು ಕೈಯನ್ನೂ ಒಡ್ಡಿ, ‘ಕೊಡ್ರಮ್ಮ. ನಿಮ್ಮ ಮಗೀಗೆ ನೂರು ವರ್ಸ ಆಗ್ಲಿ’ ಎಂದಳು. ದೊರೆಸಾನಿ ತಟ್ಟೆಯನ್ನು ಕೆಳಗಿಟ್ಟು ಅವಳ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ನಾನು ಆಚೆ ನಿಂತು, ಎಂಥ ಜಿಪುಣ ಹೆಂಗಸು, ಇನ್ನೊಂದು ಮಾತು ಕೇಳಿದರೆ ಬಾಯಿ ಸವೆಯುತ್ತಿತ್ತೇ ಎಂದು ಬೈದುಕೊಳ್ಳುತ್ತಿದ್ದೆ. ದಿನವೂ ನಾಲ್ಕು ಗಂಟೆಯ ಚಹದ ಕತೆಯೂ ಇದೇ. ಅವರು ಕೇಳುವರು, ನಾನು ಬೇಡವೆನ್ನುವೆನು, ಅವರು ಕುಡಿಯುವರು.

ಗಂಗಮ್ಮನ ವಿಷಯ ಹೇಳಬೇಕು. ಅವಳನ್ನು ಶಿರಾ ಕಡೆ ಕೊಟ್ಟಿದ್ದೆವು. ಗಂಡ ವಿಷಮಜ್ವರದಲ್ಲಿ ಹೋದ. ಅತ್ತೆಯ ಮನೆಯವರು ಅವಳನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿ, ನೀರು ಕೂಡ ಕುಡಿಯದೆ ಹಿಂದಿರುಗಿದರು. ಆಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಮನೆಯ ಮೂಲೆಯಲ್ಲಿ ರಾಗಿ ಬೀಸುತ್ತಾ ಕೂತು ಮೌನವಾಗುತ್ತಿದ್ದವಳನ್ನು ನಾನೇ ಬಂಗಲೆಗೆ ಕರೆದುಕೊಂಡು ಹೋದೆ. ಅಲ್ಲಿ ಹಿಂದಿನ ಜಗಲಿಯಲ್ಲಿ ದೊರೆಸಾನಿ ಹಳ್ಳಿಯವರಿಗೆ ಔಷಧಿ ಕೊಡುತ್ತಿದ್ದರು. ಗಂಗಮ್ಮ ಹುಣ್ಣು ತೊಳೆಯುವುದು, ಕಣ್ಣಿಗೆ ಹನಿ ಹಾಕುವುದು, ಪಟ್ಟಿ ಕಟ್ಟುವುದು ಎಲ್ಲ ಕಲಿತಳು. ಬೇರೆಯವರ ಕೈಯಲ್ಲಿ ಅರಚುವ ಮಕ್ಕಳು ಇವಳ ಕೈಯಲ್ಲಿ ಸುಮ್ಮನೆ ಕಾಲು ಚಾಚುತ್ತಿದ್ದವು. ಅವಳಿಗೆ ಮತ್ತೆ ನಗು ಬಂದದ್ದು ಆ ಜಗಲಿಯಲ್ಲೇ.

ದೊರೆಸಾನಿಯ ಜಿಪುಣತನ ನಿಜಕ್ಕೂ ಏನೆಂದು ನನಗೆ ಹೊಳೆಯಬೇಕಾಗಿದ್ದದ್ದು ಐ.ಡಿ.ಹಳ್ಳಿಯಲ್ಲಿ. ಒಂದು ಸಲ ಅಲ್ಲಿ ಔಷಧಿ ಹಂಚಲು ಹೋಗಿದ್ದಾಗ ಗೌಡರ ಮನೆಯ ಜಗಲಿಯಲ್ಲಿ ಅವರಿಗೆ ಊಟ. ಅವರ ದೇಶದಲ್ಲಿ ತಟ್ಟೆಗೆ ಬಿದ್ದದ್ದನ್ನು ಬಿಟ್ಟರೆ ಬಡಿಸಿದವರಿಗೆ ಅವಮಾನವಂತೆ. ನಮ್ಮಲ್ಲಿ ತಿನ್ನುತ್ತಿರುವವರ ಎಲೆ ಖಾಲಿಯಾದರೆ ಬಡಿಸಿದವರಿಗೆ ಅವಮಾನ. ಎರಡೂ ಮರ್ಯಾದೆಗಳು ಎದುರುಬದುರಾದವು. ದೊರೆಸಾನಿ ಮುದ್ದೆಯನ್ನು ಅಗಿದು ಅಗಿದು ಹೇಗೋ ಮುಗಿಸಿ ‘ಸಾಕು’ ಎಂದರು, ಗೌಡತಿ ಇನ್ನೊಂದು ಇಟ್ಟಳು. ಅದನ್ನೂ ಮುಗಿಸಿ ‘ಖಂಡಿತವಾಗಿಯೂ ಸಾಕು’ ಎಂದರು, ಮತ್ತೊಂದು ಬಿತ್ತು. ಗೌಡತಿ ನನ್ನ ಹತ್ತಿರ ಬಂದು, ‘ಪಾಪ ಕಣಣ್ಣ, ಈಯಮ್ಮ ಎಷ್ಟು ದಿನದಿಂದ ಉಂಡಿಲ್ವೋ’ ಎಂದು ಕಣ್ಣೊರೆಸಿಕೊಂಡಳು. ಹಿಂದಿರುಗುವಾಗ ದೊರೆಸಾನಿ ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ‘ಚಿಕ್ಕಣ್ಣನೇ, ಬೇಡವೆಂದು ಹೇಳಿದ ಮೇಲೂ ಅವರು ನನ್ನನ್ನು ಏಕೆ ಬಿಡಲಿಲ್ಲ?’ ಎಂದು ಕೇಳಿದರು. ನಮ್ಮ ಕಡೆ ಬೇಡವೆಂದರೆ ಮಾತು ಶುರುವಾಯಿತೆಂದು ಅರ್ಥ, ಮುಗಿಯಿತೆಂದಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ದೊಡ್ಡವರಿಗೆ ಬುದ್ಧಿ ಹೇಳಲು ನಾನ್ಯಾರು ಎಂದು ಎತ್ತಿನ ಬೆನ್ನು ತಟ್ಟಿದೆ. ಇದೂ ಮರ್ಯಾದೆಯೇ.

ಅವರು ವರ್ಷದ ರಜೆಯ ಮೇಲೆ ತಮ್ಮ ದೇಶಕ್ಕೆ ಹೋಗುವ ಕಾಲ ಬಂತು. ಒಂದು ಮಧ್ಯಾಹ್ನ ದೊರೆಸಾನಿ ನನ್ನನ್ನು ಕರೆದು, ಎದುರಿಗೆ ಸ್ಟೂಲು ಹಾಕಿಸಿ, ‘ಕುಳಿತುಕೋ’ ಎಂದರು. ನಾನು ಬೇಡವೆಂದು ನಿಂತೇ ಇದ್ದೆ. ‘ಚಿಕ್ಕಣ್ಣನೇ, ನಾವು ಹೋಗುವುದಕ್ಕೆ ಮುಂಚೆ ಗಂಗಮ್ಮನನ್ನು ಮೈಸೂರಿನ ಹೆಂಗಸರ ಆಸ್ಪತ್ರೆಗೆ ಸೇರಿಸಬೇಕೆಂದು ನನ್ನ ಆಸೆ. ಅಲ್ಲಿ ಅವಳು ನರ್ಸಿನ ಕೆಲಸವನ್ನು ಕಲಿಯುವಳು. ಊಟ, ವಸತಿ ಎಲ್ಲವೂ ಅವರದೇ. ಜಾತಿ ಬಿಡು ಎಂದು ಯಾರೂ ಅವಳನ್ನು ಕೇಳುವುದಿಲ್ಲ. ನೀನು ಅವಳಿಗೆ ಹಿರಿಯನು. ನಿನ್ನ ಒಪ್ಪಿಗೆ ಇದೆಯೋ?’ ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ತಂಗಿಯ ಬಾಳಿಗೆ ಒಂದು ದಾರಿ ಬೇಕೆಂದು ಎಷ್ಟು ದೇವರಿಗೆ ಕೈಮುಗಿದಿದ್ದೆನೋ. ಆದರೆ ಬಾಯಿಂದ ಹೊರಟ ಮಾತು: ‘ಬ್ಯಾಡಿ ದೊರೆಸಾನಮ್ಮ. ನಿಮಗ್ಯಾಕೆ ಸುಮ್ನೆ ತೊಂದ್ರೆ.’

ಅವರು ‘ಸರಿ. ನಿನ್ನ ಇಷ್ಟ’ ಎಂದು ಎದ್ದು ಒಳಗೆ ಹೋದರು. ನಾನು ಸ್ಟೂಲಿನ ಪಕ್ಕದಲ್ಲಿ ನಿಂತೇ ಇದ್ದೆ. ನೀರು ಕುಡಿಯಲು ಹೋಗಿರಬೇಕು, ಬಂದು ಮತ್ತೆ ಕೇಳುತ್ತಾರೆ ಎಂದುಕೊಂಡೆ. ಬಿಸಿಲು ಜಗಲಿಯಿಂದ ಇಳಿಯಿತು. ಎತ್ತುಗಳು ನೀರಿಗಾಗಿ ಕೂಗಿದವು. ಅವರು ಬರಲಿಲ್ಲ.

ಮನೆಯಲ್ಲಿ ಗಂಗಮ್ಮ, ‘ಅಣ್ಣಯ್ಯ, ದೊರೆಸಾನಿ ಏನಾರ ಕೇಳಿದ್ರಾ?’ ಎಂದಳು. ಅವಳಿಗೆ ವಿಷಯ ಗೊತ್ತಿತ್ತೆಂದು ಕಣ್ಣೇ ಹೇಳುತ್ತಿತ್ತು. ‘ಕೇಳ್ತಾರೆ ಕಣಮ್ಮ, ಇನ್ನೂ ಕೇಳೋದು ಮುಗಿದಿಲ್ಲ’ ಎಂದೆ. ಸುಳ್ಳಲ್ಲವೆಂದು ಆಗ ನನಗೆ ನಾನೇ ಹೇಳಿಕೊಂಡೆ.

ಇಷ್ಟೇ ಆಗಿದ್ದರೆ ನನ್ನ ತಪ್ಪನ್ನು ನಾಲಗೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಮುಂದಿನದು ಹೇಳಲು ನಾಚಿಕೆಯಾಗುತ್ತದೆ. ಬಂಗಲೆಯ ಅಡಿಗೆಯವನ ಬಾಯಿಂದ ಸುದ್ದಿ ಹೊರಬಿದ್ದು ನಮ್ಮ ಕುಲದ ಯಜಮಾನ ತಿಮ್ಮಪ್ಪನವರಿಗೆ ಮುಟ್ಟಿತು. ಅರಳಿಕಟ್ಟೆಯ ಮೇಲೆ ಎಂದೂ ನನ್ನನ್ನು ಕರೆದು ಕೂರಿಸಿದವರಲ್ಲ ಅವರು. ಅಂದು ನನ್ನ ಹೆಸರು ಹಿಡಿದು ಕೂಗಿ, ‘ಬಾರ್ಲಾ ಚಿಕ್ಕಣ್ಣ, ಬಾ ಇಲ್ಲಿ, ನನ್ನ ಪಕ್ಕ ಕೂತ್ಕ. ಪಾದ್ರಿ ಹೆಂಡ್ರು ಬಂದು ತಂಗೀನ ಕಳಿಸ್ಕೊಡು ಅಂದ್ರೆ ಮಖಕ್ಕೇ ಬ್ಯಾಡ ಅಂದ್ಯಂತೆ! ಗಂಡಸು ಅಂದ್ರೆ ನೀನು ಕಣ್ಲಾ. ಮನೆತನದ ಮಾನ ಉಳಿಸ್ಬುಟ್ಟೆ’ ಎಂದರು. ಸುತ್ತಲಿದ್ದವರು ಎಲೆಅಡಿಕೆ ಕೊಟ್ಟರು. ನಾನು ಹಾಗಲ್ಲ ದೊಡ್ಡಯ್ಯ, ಮರ್ಯಾದೆಗೆ ಅಂದದ್ದು ಎನ್ನಬೇಕಿತ್ತು. ಎನ್ನಲಿಲ್ಲ. ಎಲೆಅಡಿಕೆಯನ್ನು ಅಗಿಯುತ್ತಾ ಗಂಭೀರವಾಗಿ ಕೂತೆ. ಮರುದಿನವೂ ಅದೇ ದಾರಿಯಲ್ಲಿ ಬೇಕೆಂದೇ ಹೋದೆ. ಕತೆ ದಿನದಿನಕ್ಕೆ ಬೆಳೆಯುತ್ತಿತ್ತು. ನಾನು ಕಣ್ಣು ಕೆಂಪಗೆ ಮಾಡಿ, ಚಾವಟಿಯನ್ನು ನೆಲಕ್ಕೆ ಹೊಡೆದೆನಂತೆ. ನಾನು ಕೇಳಿ ತಲೆಯಾಡಿಸಿದೆ. ತಂಗಿಯ ಬಾಳನ್ನು ಮಾರಿ ಕಟ್ಟೆಯ ಮೇಲೆ ಮೊಳ ಜಾಗ ಕೊಂಡವನು ನಾನು.

ಆದರೂ ಒಳಗೆ ಕೊರೆಯುತ್ತಿತ್ತು. ದೊರೆಸಾನಿಯ ಬಾಯಿಂದ ಎರಡನೆಯ ಸಲ ಕೇಳಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಉಪಾಯ ಹೂಡಿದೆ. ಪಾವಗಡಕ್ಕೆ ಹೋಗುವ ದಾರಿ ಉದ್ದ, ಮಾತಿಗೆ ಹೊತ್ತಿರುತ್ತದೆ. ‘ದೊರೆಸಾನಮ್ಮ, ಮೈಸೂರು ಒಳ್ಳೆ ಊರಂತೆ’ ಎಂದೆ. ‘ಹೌದು, ಒಳ್ಳೆಯ ಊರು’ ಎಂದರು. ಸ್ವಲ್ಪ ದೂರ ಹೋದ ಮೇಲೆ, ‘ಅಲ್ಲಿ ಆಸ್ಪತ್ರೆಗಳೂ ಚಂದಾಗವಂತೆ’ ಎಂದೆ. ‘ಹೌದು, ಚೆನ್ನಾಗಿವೆ’ ಎಂದು ಪುಸ್ತಕ ತೆರೆದರು. ಪಾವಗಡದ ಗಡಿ ಬಂದು, ದಾರಿಹೋಕರು ‘ಎಲ್ಲಿಗೆ?’ ಬಿಟ್ಟು ತೆಲುಗಿನಲ್ಲಿ ‘ಎಕ್ಕಡಿಕಿ?’ ಎಂದು ಕೇಳತೊಡಗಿದರೂ ನನ್ನ ಉಪಾಯ ಅಲ್ಲಿಯೇ ನಿಂತಿತ್ತು.

ಕೊನೆಗೆ ದೊರೆಯನ್ನೇ ಹಿಡಿದೆ. ಸಂಜೆ ಅವರು ಬೆಟ್ಟದ ಬಂಡೆ ಮುಟ್ಟಲು ಹೊರಟಾಗ ಹಿಂದೆಯೇ ನಡೆದೆ. ‘ಅಮ್ಮಾವ್ರು ಒಂದು ವಿಸ್ಯ ಕೇಳಿದ್ರು. ಮತ್ತೆ ಕೇಳ್ನೇ ಇಲ್ಲ’ ಎಂದೆ. ದೊರೆ ನಿಂತು ಹೇಳಿದರು: ‘ಬೇಡವೆಂದವರನ್ನು ನಾವು ಎರಡನೆಯ ಸಲ ಕೇಳುವುದಿಲ್ಲ, ಚಿಕ್ಕಣ್ಣನೇ. ಕೇಳಿದರೆ, ಪಾದ್ರಿಗಳು ಹೆಣ್ಣುಮಕ್ಕಳನ್ನು ಬಲವಂತದಿಂದ ಎಳೆಯುತ್ತಾರೆ ಎನ್ನುವರು. ಆ ಮಾತು ನಿನ್ನ ತಂಗಿಯ ಮೇಲೆ ಬರಬಾರದು. ಮತ್ತು ನೀನು ನಮ್ಮ ಚಹವನ್ನಾಗಲಿ, ಮಗಳ ಕೇಕನ್ನಾಗಲಿ ಮುಟ್ಟಿದವನಲ್ಲ. ನಿನ್ನ ಆಚಾರವನ್ನು ನಾವು ಗೌರವಿಸುತ್ತೇವೆ.’ ಆಚಾರ! ಇಷ್ಟು ವರ್ಷ ಆ ಚಹದ ಹಬೆ ಕುಡಿದುಕೊಂಡು ಗಾಡಿ ಹೊಡೆದವನ ಆಚಾರ!

ಅಷ್ಟರಲ್ಲಿ ಕಟ್ಟೆಯ ಕತೆ ಗಂಗಮ್ಮನ ಕಿವಿಗೂ ಬಿದ್ದಿತ್ತು. ಮನೆಗೆ ಬಂದರೆ ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಳು, ಬೀಸುತ್ತಿರಲಿಲ್ಲ.

‘ಅಣ್ಣಯ್ಯ, ಚಾವಟಿ ಹೊಡೆದ್ಯಂತೆ?’

‘ಇಲ್ಲ ಕಣಮ್ಮ, ಮರ್ವಾದೆಗೆ ಒಂದ್ ಮಾತು ಬ್ಯಾಡ ಅಂದೆ. ಅವ್ರು ಇನ್ನೊಂದ್ಸಲ ಕೇಳ್ತಾರೆ ಅಂತ...’

‘ನನ್ನೇನು ಸಾರು ಅಂದ್ಕಂಡ್ಯಾ, ಎಲೆಗೆ ಕೈ ಅಡ್ಡ ಹಿಡಿಯಾಕೆ?’ ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ‘ಈ ಕಲ್ಲಿನ ಮುಂದೆ ಕೂತು ಮುದುಕಿ ಆಗೋಳು ನಾನು. ಮರ್ವಾದೆ ನಿಂದು, ಬದುಕು ನಂದು. ನೀನೇ ಬ್ಯಾಡ ಅಂದಿರೋದು, ನೀನೇ ಹೋಗಿ ಹೂಂ ಅನ್ನು.’

ಬೆಳಿಗ್ಗೆ ಹೋದೆ. ದಾರಿಯುದ್ದಕ್ಕೂ ‘ಹೂಂ’ ಎಂದು ಅಭ್ಯಾಸ ಮಾಡಿದೆ. ಎದುರಿಗೆ ಬಂದ ಒಬ್ಬ ಮುದುಕ ಹೊಟ್ಟೆನೋವೇನಪ್ಪಾ ಎಂದು ಕೇಳಿದ. ದೊರೆಸಾನಿ ಪೆಟ್ಟಿಗೆಗಳಿಗೆ ಬಟ್ಟೆ ತುಂಬುತ್ತಿದ್ದರು. ‘ಏನು, ಚಿಕ್ಕಣ್ಣನೇ?’ ಎಂದರು. ಹೂಂ ಎನ್ನಲು ಮೊದಲು ಅವರು ಏನಾದರೂ ಕೇಳಬೇಕಲ್ಲ! ಆಗ ನನಗೆ ಒಂದು ಹೊಳೆಯಿತು. ಕೊಟ್ಟದ್ದನ್ನು ತೆಗೆದುಕೊಳ್ಳಲು ನನಗೆ ಬಾರದು, ನಿಜ. ಆದರೆ ಬಲವಂತ ಮಾಡಿ ಬಡಿಸಲು ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿಲ್ಲ.

‘ಗಂಗಮ್ಮನ್ನ ಕರ್ಕೊಳ್ಳಿ ದೊರೆಸಾನಮ್ಮ’ ಎಂದೆ.

ಅವರು ಬಟ್ಟೆ ಕೆಳಗಿಟ್ಟರು. ‘ನಿನಗೆ ಇಷ್ಟವಿಲ್ಲವೆಂದು ನೀನೇ ಹೇಳಿದೆ. ಅವಳು ಅತ್ತಳೆಂದು ಈಗ ಒಪ್ಪುವುದು ಬೇಡ.’

‘ಅಂಗೆಲ್ಲ ಅನ್ಬಾರ್ದು, ಕರ್ಕೊಳ್ಳೇಬೇಕು.’

‘ನಿನ್ನ ಜನರು ಸಿಟ್ಟಾಗುವರು. ಚೆನ್ನಾಗಿ ಯೋಚಿಸಿದೆಯೋ?’

‘ನಮ್ಮ ಹುಡ್ಗಿ ನಿಮಗೆ ಸೇರಾಕಿಲ್ವಾ? ಬ್ಯಾಡ ಅಂದ್ರೆ ನಾನು ಇಲ್ಲಿಂದ ಏಳಾಕಿಲ್ಲ’ ಎಂದು, ಎಂದೂ ಮುಟ್ಟದ ಆ ಸ್ಟೂಲನ್ನು ಎಳೆದು ಕೂತೇಬಿಟ್ಟೆ. ಕೂತವನಿಗೆ ಅಳು ಬಂತು. ಬೇಡವೆಂಬ ಮಾತಿನ ಕತೆಯನ್ನೆಲ್ಲ ಅಪ್ಪನ ಪಾಯಸದಿಂದ ಹಿಡಿದು ಹೇಳಿದೆ. ದೊರೆಸಾನಿಯ ಮುಖ ಒಂದೊಂದೇ ಸಂಗತಿಗೆ ಬದಲಾಗುತ್ತಾ ಬಂತು. ‘ಹಾಗಾದರೆ ಐ.ಡಿ.ಹಳ್ಳಿಯಲ್ಲಿ ನಾನು ಎಲೆಯಲ್ಲಿ ಸ್ವಲ್ಪ ಬಿಟ್ಟು ಏಳಬಹುದಾಗಿತ್ತೋ?’ ಎಂದರು. ಏಳಬಹುದಿತ್ತು ಎಂದೆ. ಅವರು ನಕ್ಕು, ನಗುತ್ತಲೇ ಕಣ್ಣು ಒರೆಸಿಕೊಂಡು, ಆಮೇಲೆ ಗಂಭೀರವಾದರು. ‘ಈ ವರ್ಷದ ಜಾಗವನ್ನು ಕೊರಟಗೆರೆಯ ಒಬ್ಬ ಹುಡುಗಿಗೆ ಕೊಡುವೆನೆಂದು ಹೇಳಿಬಿಟ್ಟೆ, ಚಿಕ್ಕಣ್ಣನೇ. ಆ ಮಾತನ್ನು ಮುರಿಯಲಾರೆ. ಹೋಗುವ ದಾರಿಯಲ್ಲಿ ಮೈಸೂರಿನಲ್ಲಿ ಇಳಿದು ಬರುವ ವರ್ಷಕ್ಕೆ ಗಂಗಮ್ಮನ ಹೆಸರನ್ನು ಹೇಳುವೆನು.’

ಹಾಗೆ ನನ್ನ ತಂಗಿಯ ಬಾಳಿನಲ್ಲಿ ಒಂದು ವರ್ಷ ನನ್ನ ಮರ್ಯಾದೆಗೆ ಖರ್ಚಾಯಿತು. ದೊರೆ ದೊರೆಸಾನಿ ಹೊರಟುಹೋದರು. ಬಂಗಲೆಗೆ ಬದಲಿ ಪಾದ್ರಿಯೊಬ್ಬರು ಬಂದರು. ಅವರು ಒಂಟಿ, ಔಷಧಿಯ ಜಗಲಿಗೆ ಬೀಗ ಬಿತ್ತು. ಗಂಗಮ್ಮ ಮತ್ತೆ ಬೀಸುವ ಕಲ್ಲಿಗೆ ಕೂತಳು. ಅವಳು ನನ್ನನ್ನು ಬೈಯಲಿಲ್ಲ. ‘ಉಣ್ಣಾಕ್ ಬಾ’ ಎನ್ನುವಳು, ಬಡಿಸುವಳು. ನಾನು ಅಭ್ಯಾಸಬಲದಿಂದ ಬೇಡವೆಂದರೆ ಹಾಗೇ ಪಾತ್ರೆ ಮುಚ್ಚಿ ಎದ್ದುಹೋಗುವಳು. ಆ ವರ್ಷ ನಾನು ಸ್ವಲ್ಪ ಇಳಿದುಹೋದೆ.

ದೊರೆಸಾನಿಯ ಮಾತಿನಂತೆ, ಅವರು ರಜೆಯಿಂದ ಹಿಂದಿರುಗುವ ಮುಂಚೆಯೇ ಮೈಸೂರಿನಿಂದ ಕರೆ ಬಂತು. ಅವಳನ್ನು ಮೋಟಾರು ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ಹೊರಡುವುದನ್ನು ನೋಡಲು ಊರಿನ ಅರ್ಧ ಜನ ಅಲ್ಲಿರುತ್ತಾರೆ. ಅಂದು ಯಜಮಾನ ತಿಮ್ಮಪ್ಪನವರೂ ಇದ್ದರು. ಗಂಗಮ್ಮ ಕಿಟಕಿಯ ಬಳಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನೂ ನನ್ನನ್ನೂ ನೋಡಿ ಅವರು, ‘ಏನ್ಲಾ ಚಿಕ್ಕಣ್ಣ, ತಂಗೀನ ಪಾದ್ರಿ ಆಸ್ಪತ್ರೆಗೆ ಕಳಿಸ್ತಿದ್ದೀಯಂತೆ! ಊರೋರು ಸುಳ್ಳು ಹೇಳ್ತವ್ರೋ ನಿಜಾನೋ?’ ಎಂದರು. ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ಇಟ್ಟಿದ್ದರು. ನೆಂಟರ ಮನೆಗೆ ದೊಡ್ಡಯ್ಯ ಎಂದರೆ ಸಾಕಿತ್ತು. ಗಂಗಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

‘ಹೂಂ’ ಎಂದೆ. ‘ಹೂಂ ದೊಡ್ಡಯ್ಯ, ನಾನೇ ಕಳಿಸ್ತಾ ಇವ್ನಿ.’

ಎಷ್ಟು ಜೋರಾಗಿ ಅಂದಿದ್ದೆನೋ, ಡ್ರೈವರು ತನಗೇ ಹೇಳಿದ್ದೆಂದು ಬಸ್ಸು ಬಿಟ್ಟ. ಕಿಟಕಿಯಿಂದ ಗಂಗಮ್ಮ, ‘ಸಾಕು ಬುಡಣ್ಣಯ್ಯ, ಪಾವಗಡದ ತನಕ ಕೇಳಿಸ್ತು’ ಎಂದು ನಕ್ಕಳು. ವರ್ಷದ ಮೇಲೆ ಅವಳು ನನ್ನೊಡನೆ ನಕ್ಕದ್ದು ಅದೇ ಮೊದಲು. ಧೂಳಿನಲ್ಲಿ ನಿಂತು ಕೈಯೆತ್ತಿದೆ. ಕೈ ಇಳಿಸಿ ಹಿಂದಿರುಗಿ ನೋಡಿದರೆ ನನ್ನ ಸುತ್ತ ಯಾರೂ ಇರಲಿಲ್ಲ.

ಗಂಗಮ್ಮ ಈಗ ಮೈಸೂರಿನಲ್ಲಿ ದೊಡ್ಡ ನರ್ಸು. ನನ್ನನ್ನು ಮಾತ್ರ ಅರಳಿಕಟ್ಟೆಗೆ ಅಂದಿನಿಂದ ಇಂದಿನವರೆಗೂ ಯಾರೂ ಕರೆದಿಲ್ಲ. ದಿನವೂ ಸಂಜೆ ಆ ದಾರಿಯಲ್ಲೇ ಹೋಗಿ ಬರುತ್ತೇನೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಎಲ್ಲಿಗೂ ಇಲ್ಲ ಎನ್ನುತ್ತೇನೆ. ಒಂದು ದಿನ ಕಟ್ಟೆಯವರ ಸಿಟ್ಟು ಇಳಿದು, ಬಾರಪ್ಪ ಕೂತ್ಕೋ ಎಂದು ಕರೆದೇ ಕರೆಯುತ್ತಾರೆ. ಕರೆದ ಕೂಡಲೇ ಓಡಿಹೋಗಿ ಕೂರುವಷ್ಟು ಮಾನಗೆಟ್ಟವನಲ್ಲ ನಾನು. ಮೊದಲು ಬ್ಯಾಡಿ ಎನ್ನುತ್ತೇನೆ.